ಭುಜ ಇಳಿಸುವ ವಿದ್ಯೆ

(ಮಾತಾಡುವವರು ಇಬ್ಬರು. ಒಬ್ಬಳು ಮೈಸೂರಿನ ಬ್ಯಾಂಕೊಂದರಲ್ಲಿ ಆಫೀಸರು. ಇನ್ನೊಬ್ಬರು ಅವಳ ತಾಯಿಯ ತಂಗಿ. ಬಹಳ ವರ್ಷ ಆಸ್ಪತ್ರೆಯಲ್ಲಿ ನರ್ಸಾಗಿದ್ದು, ಆಮೇಲೆ ನರ್ಸಿಂಗ್ ಶಾಲೆಯಲ್ಲಿ ಪಾಠ ಹೇಳಿ ನಿವೃತ್ತರಾದವರು. ಭಾನುವಾರ, ಊಟವಾದ ಮೇಲಿನ ಹೊತ್ತು.)

ಮಗಳು: ಮಾರ್ಚ್ ಒಂದು ಮುಗಿದುಬಿಟ್ಟರೆ ಎಲ್ಲ ಸರಿಹೋಗುತ್ತೆ ಅಂದುಕೊಂಡಿದ್ದೆ ಚಿಕ್ಕಮ್ಮ. ಮಾರ್ಚೂ ಮುಗೀತು, ಏಪ್ರಿಲ್ಲೂ ಬಂತು. ರಾತ್ರಿ ಹಾಸಿಗೆಗೆ ತಲೆ ಕೊಟ್ಟರೆ ಬ್ರಾಂಚೇ ಕಣ್ಣಮುಂದೆ ಬರುತ್ತೆ. ಯಾರ ಕೆವೈಸಿ ಬಾಕಿ, ಯಾವ ಸಾಲದ ಫೈಲಿಗೆ ಸಹಿ ಆಗಿಲ್ಲ, ಎಲ್ಲ ಸಾಲುಗಟ್ಟಿ ನಿಲ್ಲುತ್ತೆ.

ಚಿಕ್ಕಮ್ಮ: ನಿನ್ನ ಭುಜ ನೋಡಿದರೇ ಗೊತ್ತಾಗುತ್ತೆ. ಕಿವಿಗೆ ತಾಗೋ ಹಾಗೆ ಎತ್ತಿಕೊಂಡು ಕೂತಿದ್ದೀಯ. ಊಟ ಆಗಿದೆ, ಬ್ಯಾಂಕಿಗೆ ರಜ ಇದೆ. ಭುಜಕ್ಕೆ ಮಾತ್ರ ಇನ್ನೂ ರಜ ಸಿಕ್ಕಿಲ್ಲ.

ಮಗಳು: ಉಪಾಯ ಹೇಳೋರಿಗೇನೂ ಕಮ್ಮಿಯಿಲ್ಲ. ಒಬ್ಬಳು ಧ್ಯಾನದ ಆ್ಯಪ್ ಹಾಕಿಕೋ ಅಂತಾಳೆ. ಇನ್ನೊಬ್ಬಳು ಬೆಳಿಗ್ಗೆ ಐದಕ್ಕೆ ಯೋಗ ಕ್ಲಾಸಿಗೆ ಬಾ ಅಂತಾಳೆ. ನಮ್ಮನೆಯವರು ಕೊಡಗಿಗೆ ಹೋಗಿ ಎರಡು ದಿನ ರೆಸಾರ್ಟಲ್ಲಿ ಇದ್ದು ಬರೋಣ ಅಂದ್ರು. ಹೋಗೋಕೆ ಬಟ್ಟೆ ಜೋಡಿಸೋಳೂ ನಾನೇ, ಬಂದ ಮೇಲೆ ಒಗೆಯೋಳೂ ನಾನೇ. ಬೇಡ ಅಂದೆ.

ಚಿಕ್ಕಮ್ಮ: ಒಳ್ಳೇದೇ ಮಾಡಿದೆ. ವಿಶ್ರಾಂತಿಯನ್ನೂ ಇನ್ನೊಂದು ಕೆಲಸ ಮಾಡಿಕೊಂಡರೆ ಆಗೋದೇ ಹೀಗೆ. ಯೋಗ, ಕೊಡಗು ಎರಡೂ ಒಳ್ಳೇವೇ. ಆದರೆ ದಣಿದವರಿಗೆ ಬೇಕಾಗಿರೋದು ಇದ್ದ ದಿನದಲ್ಲೇ ಮಾಡಬಹುದಾದಂಥದ್ದು. ಹೊಸದಾಗಿ ಹೊತ್ತು ಹೊಂದಿಸಬೇಕಾದದ್ದು ಎಷ್ಟೇ ಒಳ್ಳೇದಾದರೂ ಮೂರನೇ ದಿನಕ್ಕೆ ನಿಂತುಹೋಗುತ್ತೆ.

ಮಗಳು: ಹಾಗಂತ ಏನೂ ಮಾಡದೆ ಸುಮ್ಮನೆ ಕೂತರೆ ತಲೆ ಇನ್ನೂ ಜೋರಾಗಿ ಓಡುತ್ತಲ್ಲ.

ಚಿಕ್ಕಮ್ಮ: ಓಡೇ ಓಡುತ್ತೆ. ತಲೆಗೆ ‘ಸುಮ್ಮನಿರು’ ಅಂದರೆ ಕೇಳಲ್ಲ. ಮೈಗೆ ಹೇಳಿದರೆ ಕೇಳುತ್ತೆ. ಮೈ ಸಡಿಲಾದರೆ ತಲೆ ತಾನಾಗೇ ಹಿಂದೆ ಬರುತ್ತೆ. ನಮ್ಮ ನರ್ಸಿಂಗ್ ಹುಡುಗಿಯರಿಗೂ ಇದನ್ನೇ ಹೇಳ್ತಿದ್ದೆ.

ಮಗಳು: ಸರಿ, ನನಗೂ ಪಾಠ ಶುರುವಾಗಲಿ. ಆದರೆ ಪರೀಕ್ಷೆ ಇಡಬೇಡಿ.

ಚಿಕ್ಕಮ್ಮ: ಮೂತ್ರಪಿಂಡ ಎರಡರ ನೆತ್ತಿ ಮೇಲೂ ಒಂದೊಂದು ಪುಟ್ಟ ಗ್ರಂಥಿ ಇದೆ, ಅಡ್ರಿನಲ್ ಅಂತ. ಗಾಬರಿಯಾದ ಕೂಡಲೇ ಅಲ್ಲಿಂದ ಅಡ್ರಿನಲಿನ್ ರಕ್ತಕ್ಕೆ ಸೇರುತ್ತೆ. ಎದೆಬಡಿತ ಏರುತ್ತೆ, ಉಸಿರು ಬೇಗಬೇಗ ಆಡುತ್ತೆ, ಸ್ನಾಯುಗಳು ಬಿಗಿಯುತ್ತವೆ, ಅನ್ನ ಅರಗೋದು ನಿಧಾನವಾಗುತ್ತೆ. ಅಮೆರಿಕದ ವಾಲ್ಟರ್ ಕ್ಯಾನನ್ ಅನ್ನೋ ಶರೀರವಿಜ್ಞಾನಿ 1915ರಲ್ಲೇ ಇದನ್ನು ಬರೆದಿಟ್ಟ. ಹುಲಿ ಎದುರಾದರೆ ಹೊಡೆದಾಡೋಕೋ ಓಡೋಕೋ ಮೈ ಸಜ್ಜಾಗೋ ಏರ್ಪಾಡು ಅದು. ಅದಿಲ್ಲದಿದ್ದರೆ ನಮ್ಮ ಹಿಂದಿನವರು ಯಾರೂ ಉಳೀತಿರಲಿಲ್ಲ.

ಮಗಳು: ಹುಲಿ ಬಂದರೆ ಸರಿ. ನಮ್ಮಲ್ಲಿ ಬರೋದು ಹೆಡ್ ಆಫೀಸಿನ ಫೋನು.

ಚಿಕ್ಕಮ್ಮ: ಮೈಗೆ ಎರಡೂ ಒಂದೇ. ಹುಲಿ ಬಂದರೆ ಓಡ್ತೀಯ. ಆ ಓಟದಲ್ಲಿ ಏರಿದ್ದು ಖರ್ಚಾಗಿ, ಆಮೇಲೆ ಇಳಿಯುತ್ತೆ. ಫೋನು ಬಂದರೆ ಕೂತಲ್ಲೇ ಕೂತಿರ್ತೀಯ, ಇಳಿಯೋದರೊಳಗೆ ಇನ್ನೊಂದು ಫೋನು. ಹ್ಯಾನ್ಸ್ ಸೆಲ್ಯೆ ಅಂತ ಒಬ್ಬರು ಕೆನಡಾದ ಮಾಂಟ್ರಿಯಲ್‌ನಲ್ಲಿ ಇಲಿಗಳ ಮೇಲೆ ಪ್ರಯೋಗ ಮಾಡಿ, 1936ರಲ್ಲಿ ‘ನೇಚರ್’ ಪತ್ರಿಕೆಗೆ ಸಣ್ಣದೊಂದು ಬರಹ ಕಳಿಸಿದರು. ಚಳಿಯಿರಲಿ, ಗಾಯವಿರಲಿ, ಅತಿಯಾದ ದಣಿವಿರಲಿ, ಇಲಿಯ ಒಳಗೆ ಆಗಿದ್ದು ಒಂದೇ ಥರ. ಅಡ್ರಿನಲ್ ಗ್ರಂಥಿ ಊದಿತ್ತು, ರೋಗ ತಡೆಯೋಕೆ ನೆರವಾಗೋ ಥೈಮಸ್ ಕುಗ್ಗಿತ್ತು, ಜಠರದಲ್ಲಿ ಹುಣ್ಣೆದ್ದಿತ್ತು. ಒತ್ತಡ ಬರೋದು ತಪ್ಪಲ್ಲ ಕಣೇ. ಬಂದದ್ದು ಇಳಿಯದೆ ನಿಂತರೆ ಮೈ ಕೆಡುತ್ತೆ.

ಮಗಳು: ಇಳಿಸೋದು ಹೇಗೆ, ಅದನ್ನು ಹೇಳಿ.

ಚಿಕ್ಕಮ್ಮ: ಎಡಗೈ ತಿರುಗಿಸಿ ಅಂಗೈ ಮೇಲೆ ಮಾಡು. ಹೆಬ್ಬೆರಳಿನ ಬುಡದಿಂದ ಕೆಳಗೆ, ಮಣಿಕಟ್ಟಿನಲ್ಲಿ, ಬಲಗೈಯ ಎರಡು ಬೆರಳು ಇಡು. ಹೆಬ್ಬೆರಳಲ್ಲಿ ಹಿಡೀಬೇಡ, ಅದರದೇ ನಾಡಿ ಬಡಿದು ಗೊಂದಲ ಆಗುತ್ತೆ. ಸಿಕ್ತಾ?

ಮಗಳು: ಸಿಕ್ತು. ಜೋರಾಗೇ ಇದೆ.

ಚಿಕ್ಕಮ್ಮ: ಈಗ ಮೂಗಲ್ಲಿ ಮೆಲ್ಲಗೆ ಉಸಿರು ಎಳ್ಕೋ. ತುಂಬಾ ಬೇಡ, ಸಾಕು. ಇನ್ನು ಬಿಡು. ಆತುರ ಬೇಡ, ಎಳೆದದ್ದಕ್ಕಿಂತ ಎರಡರಷ್ಟು ಹೊತ್ತು ಬಿಡು. ನಾಡಿ ಏನಂತು?

ಮಗಳು: ಎಳೆಯೋವಾಗ ಚುರುಕಾಯ್ತು. ಬಿಡೋವಾಗ... ಬಡಿತ ದೂರ ದೂರ ಬಿತ್ತು ಚಿಕ್ಕಮ್ಮ!

ಚಿಕ್ಕಮ್ಮ: ಇದು ನಂಬಿಕೆಯ ಮಾತಲ್ಲ ನೋಡು, ನಿನ್ನ ಬೆರಳಿಗೇ ಸಿಕ್ಕ ಸಾಕ್ಷಿ. ಮಿದುಳಿನ ಬುಡದಿಂದ ವೇಗಸ್ ಅನ್ನೋ ನರ ಹೊರಟು, ಕತ್ತಲ್ಲಿ ಇಳಿದು, ಹೃದಯ, ಶ್ವಾಸಕೋಶ ದಾಟಿ ಹೊಟ್ಟೆವರೆಗೂ ಹೋಗುತ್ತೆ. ಉಸಿರು ಬಿಡೋವಾಗ ಅದರ ಹಿಡಿತ ಹೆಚ್ಚಾಗಿ ಹೃದಯ ನಿಧಾನವಾಗುತ್ತೆ. ಸುಮ್ಮನಿದ್ದಾಗ ನಾವು ನಿಮಿಷಕ್ಕೆ 12ರಿಂದ 20 ಸಲ ಉಸಿರಾಡ್ತೀವಿ. ಅದನ್ನು ಐದಾರಕ್ಕೆ ಇಳಿಸಿ, ಎರಡು ನಿಮಿಷ ಕೂತರೆ ಸಾಕು. ಹೃದಯಕ್ಕೆ ನೇರವಾಗಿ ಅಪ್ಪಣೆ ಕೊಡೋಕಾಗಲ್ಲ, ಉಸಿರಿಗೆ ಕೊಡಬಹುದು. ಪ್ರಾಣಾಯಾಮ ಮಾಡ್ತಿದ್ದವರಿಗೆ ಇದು ಗೊತ್ತಿದ್ದ ವಿಷಯವೇ. ಜೋರುಜೋರಾಗಿ ಮಾತ್ರ ಉಸಿರಾಡಬೇಡ, ತಲೆ ಸುತ್ತುತ್ತೆ.

ಮಗಳು: ಕೌಂಟರಲ್ಲಿ ಕೂತೇ ಮಾಡಬಹುದಾ? ಎದುರಿಗಿರೋ ಗಿರಾಕಿ ಏನು ತಿಳ್ಕೋತಾನೋ.

ಚಿಕ್ಕಮ್ಮ: ಕಣ್ಣು ಮುಚ್ಚಿ ಪದ್ಮಾಸನ ಹಾಕು ಅಂದೆನಾ? ಒಂದು ಟೋಕನ್ ಹೋಗಿ ಇನ್ನೊಂದು ಬರೋ ಸಂದಲ್ಲಿ ಎರಡು ಉಸಿರು ನಿಧಾನಕ್ಕೆ ಬಿಡು. ಯಾರಿಗೂ ಗೊತ್ತಾಗಲ್ಲ.

ಮಗಳು: ಮತ್ತೆ ಈ ಭುಜಕ್ಕೇನು ಮಾಡಲಿ? ಸಂಜೆ ಹೊತ್ತಿಗೆ ಕತ್ತು ಕಲ್ಲಾಗಿರುತ್ತೆ. ಮೂವ್ ಹಚ್ಚಿ ಹಚ್ಚಿ ಸಾಕಾಯ್ತು.

ಚಿಕ್ಕಮ್ಮ: ಭುಜಕ್ಕೆ ‘ಸಡಿಲಾಗು’ ಅಂದರೂ ಆಗಲ್ಲ. ಬಿಗಿದುಕೊಂಡಿದೆ ಅಂತಲೇ ಅದಕ್ಕೆ ಗೊತ್ತಿರಲ್ಲ. ಶಿಕಾಗೋದ ವೈದ್ಯ ಎಡ್ಮಂಡ್ ಜೇಕಬ್‌ಸನ್ ಇದಕ್ಕೊಂದು ದಾರಿ ಕಂಡುಹಿಡಿದು 1929ರಲ್ಲಿ ಪುಸ್ತಕವನ್ನೇ ಬರೆದ. ಮೊದಲು ಬೇಕೂಂತ ಬಿಗಿ ಮಾಡಬೇಕು, ಆಮೇಲೆ ಬಿಡಬೇಕು. ಮಾಡು ಈಗ. ಎರಡೂ ಭುಜ ಕಿವಿ ಕಡೆ ಎತ್ತು. ಇನ್ನೂ ಮೇಲೆ. ಹಲ್ಲು ಕಚ್ಚಬೇಡ, ಉಸಿರು ಕಟ್ಟಬೇಡ. ಹಾಗೇ ಹಿಡ್ಕೋ... ಎಲ್ಲಿ ನೋಯ್ತಿದೆ, ಎಲ್ಲಿ ಎಳೀತಿದೆ ಗಮನಿಸು... ಈಗ ಒಂದೇ ಸಲಕ್ಕೆ ಬಿಟ್ಟುಬಿಡು.

ಮಗಳು: ಅಬ್ಬಾ. ಇಷ್ಟು ಹೊತ್ತು ಎತ್ತಿಕೊಂಡೇ ಇದ್ದೆ ಅಂತ ಈಗ ಗೊತ್ತಾಗ್ತಿದೆ.

ಚಿಕ್ಕಮ್ಮ: ಆ ಗೊತ್ತಾಗೋದೇ ಮುಖ್ಯ. ಬಿಟ್ಟ ಮೇಲೆ ಬಿಗಿಯಿದ್ದಷ್ಟರ ಎರಡರಷ್ಟು ಹೊತ್ತು ಸುಮ್ಮನಿರು, ಅವಸರದಲ್ಲಿ ಮತ್ತೆ ಎತ್ತಬೇಡ. ಹೀಗೇ ಮುಷ್ಟಿ, ಹುಬ್ಬು, ದವಡೆ, ಹೊಟ್ಟೆ, ಕಾಲಬೆರಳು. ರಾತ್ರಿ ಮಲಗಿಕೊಂಡು ಪಾದದಿಂದ ಶುರು ಮಾಡಿದರೆ ಹಲವರಿಗೆ ತಲೆವರೆಗೆ ಬರೋದರೊಳಗೆ ನಿದ್ದೆ ಹತ್ತಿರುತ್ತೆ. ನೋವಿರೋ ಕಡೆ, ಆಪರೇಷನ್ ಆದ ಕಡೆ ಮಾತ್ರ ಬಿಗಿಯೋದು ಬೇಡ.

ಮಗಳು: ಹಗಲಲ್ಲಿ ನಾನೂ ಆಗಾಗ ಸ್ವಲ್ಪ ರಿಲ್ಯಾಕ್ಸ್ ಆಗ್ತೀನಿ ಚಿಕ್ಕಮ್ಮ. ಸರ್ವರ್ ಡೌನ್ ಆದಾಗ ನಾಲ್ಕು ರೀಲ್ಸ್ ನೋಡ್ತೀನಿ.

ಚಿಕ್ಕಮ್ಮ: ನೋಡಿದ ಮೇಲೆ ಭುಜ ಇಳಿದಿರುತ್ತಾ?

ಮಗಳು: ಅದು... ಇಲ್ಲ. ಒಂದರಲ್ಲಿ ನಗು ಬರುತ್ತೆ, ಇನ್ನೊಂದರಲ್ಲಿ ಆ್ಯಕ್ಸಿಡೆಂಟು, ಮುಂದಿನದರಲ್ಲಿ ಯಾರದೋ ಹೊಸ ಮನೆ ಗೃಹಪ್ರವೇಶ. ಅಷ್ಟರಲ್ಲಿ ಬ್ರಾಂಚಿನ ವಾಟ್ಸಾಪ್ ಗ್ರೂಪಲ್ಲಿ ಟಾರ್ಗೆಟ್ಟಿನ ಪಟ್ಟಿ ಬಂದಿರುತ್ತೆ.

ಚಿಕ್ಕಮ್ಮ: ಮನರಂಜನೆ ತಪ್ಪು ಅನ್ನಲ್ಲ. ಆದರೆ ನಮ್ಮ ದಿನದಲ್ಲಿ ಮೊದಲು ತಾನಾಗೇ ಸಿಕ್ಕುತ್ತಿದ್ದ ಬಿಡುವುಗಳಿದ್ದವು. ಬಸ್ಸು ಬರೋವರೆಗೆ, ಹಾಲು ಉಕ್ಕೋವರೆಗೆ, ರೇಷನ್ ಅಂಗಡಿ ಕ್ಯೂ ಮುಂದೆ ಸರಿಯೋವರೆಗೆ. ಅದನ್ನು ಯಾರೂ ವಿಶ್ರಾಂತಿ ಅಂತ ಕರೀತಿರಲಿಲ್ಲ, ಬೇಜಾರು ಅಂತಿದ್ದರು. ಆ ಬೇಜಾರಲ್ಲೇ ಮೈ ಇಳೀತಿತ್ತು. ಈಗ ಆ ಸಂದನ್ನೆಲ್ಲ ಫೋನು ತುಂಬಿಬಿಟ್ಟಿದೆ. ದಿನಕ್ಕೆ ಒಂದು ಗಂಟೆ ಹೊಸದಾಗಿ ಹುಡುಕೋಕೆ ಹೋಗಬೇಡ. ಹಾಲು ಉಕ್ಕೋವರೆಗಿನ ಆ ಐದು ನಿಮಿಷ ವಾಪಸ್ ತಗೋ.

ಮಗಳು: ಹಾಗಾದರೆ ಹಿಂದಿನವರಿಗೆ ಒತ್ತಡವೇ ಇರಲಿಲ್ಲ ಅಂತೀರಾ?

ಚಿಕ್ಕಮ್ಮ: ಅಯ್ಯೋ, ಹಾಗೆಲ್ಲಿ ಅಂದೆ! ನಮ್ಮಜ್ಜಿ ಕೋಳಿ ಕೂಗೋ ಹೊತ್ತಿಗೆ ಎದ್ದು ರಾಗಿ ಬೀಸ್ತಿದ್ದಳು. ಅದು ಮೈ ಮುರಿಯೋ ದುಡಿತ, ಯೋಗಾಭ್ಯಾಸ ಅಲ್ಲ. ಆ ದುಡಿತ ತಡ್ಕೊಳ್ಳೋಕೇ ಬೀಸೋ ಪದ ಹುಟ್ಟಿದ್ದು. ಇಬ್ಬರು ಎದುರುಬದುರು ಕೂತು ಗೂಟ ಹಿಡಿದು, ಕಲ್ಲು ತಿರುಗೋ ಲಯಕ್ಕೆ ಹಾಡೋದು. ತವರಿನ ನೆನಪು, ಅತ್ತೆ ಮೇಲಿನ ಸಿಟ್ಟು, ಗಂಡನ ಮೇಲಿನ ದೂರು, ನೇರವಾಗಿ ಬಾಯಿಬಿಡೋಕಾಗದ್ದೆಲ್ಲ ಹಾಡಲ್ಲಿ ಹೊರಗೆ ಬರ್ತಿತ್ತು. ಬೀಸೋ ಕಲ್ಲು ಹೋಗಿದ್ದಕ್ಕೆ ನನಗೆ ದುಃಖವಿಲ್ಲ. ಆದರೆ ಹಿಟ್ಟಿನ ಗಿರಣಿ ಬಂದಾಗ ಹಾಡೂ ಹೋಯ್ತು.

ಮಗಳು: ಗಿರಣಿ ಸದ್ದಲ್ಲಿ ಯಾರು ಹಾಡ್ತಾರೆ! ಜೊತೆಗೆ ನನಗೆ ಕಂಠವೂ ಇಲ್ಲ.

ಚಿಕ್ಕಮ್ಮ: ಕಂಠ ಬೇಕಾಗಿಲ್ಲ, ಗುನುಗಿದರೆ ಸಾಕು. ಬಾಯಿ ಮುಚ್ಚಿ ‘ಮ್’ ಅಂತ ಗುನುಗು ನೋಡೋಣ. ಗುನುಗಬೇಕಾದರೆ ಉಸಿರನ್ನು ಉದ್ದಕ್ಕೆ ಬಿಡಲೇಬೇಕು. ಆಗಲೇ ನಾಡಿಯಲ್ಲಿ ಕಂಡದ್ದು ಇಲ್ಲೂ ಆಗುತ್ತೆ. ಹಠಯೋಗ ಪ್ರದೀಪಿಕೆಯಲ್ಲಿ ಬರೋ ಭ್ರಾಮರಿ ಇಂಥದ್ದೇ, ದುಂಬಿಯ ಝೇಂಕಾರದ ಹಾಗೆ. ಗುನುಗೋವಾಗ ಮೂಗಿನೊಳಗೆ ನೈಟ್ರಿಕ್ ಆಕ್ಸೈಡ್ ಅನ್ನೋ ಅನಿಲ ಬಹಳ ಪಟ್ಟು ಹೆಚ್ಚುತ್ತೆ ಅಂತ 2002ರಲ್ಲಿ ಸ್ವೀಡನ್ನಿನವರು ಅಳೆದು ತೋರಿಸಿದ್ದಾರೆ. ಅದೆಲ್ಲ ಪರೀಕ್ಷೆಗೆ ಓದೋರಿಗೆ. ನೀನು ಪಾತ್ರೆ ತೊಳೆಯೋವಾಗ ಗುನುಗಿಕೋ, ಅಷ್ಟೇ.

ಮಗಳು: ಅದಕ್ಕೇ ನಿಮ್ಮ ಅಡುಗೆಮನೇಲಿ ಯಾವಾಗಲೂ ರೇಡಿಯೋ ಹಾಡ್ತಿರುತ್ತಾ?

ಚಿಕ್ಕಮ್ಮ: ರೇಡಿಯೋ ನನ್ನ ಕಣ್ಣು ಕೇಳಲ್ಲ, ಕೈ ಕೇಳಲ್ಲ, ಮುಂದಿನ ಹಾಡು ನೀನೇ ಆರಿಸು ಅನ್ನಲ್ಲ. ಅದು ಹಾಡ್ತಿರುತ್ತೆ, ನಾನು ತರಕಾರಿ ಹೆಚ್ತಿರ್ತೀನಿ. ಮೈಸೂರಿನ ಆಕಾಶವಾಣಿ ಶುರು ಮಾಡಿದವರು ಯಾರು ಗೊತ್ತಾ? ಎಂ. ವಿ. ಗೋಪಾಲಸ್ವಾಮಿ, ಮಹಾರಾಜಾ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಮೇಷ್ಟ್ರು. 1935ರಲ್ಲಿ ತಮ್ಮ ಮನೆಯಿಂದಲೇ ಪ್ರಸಾರ ಮಾಡಿದವರು. ಮನಸ್ಸಿನ ಶಾಸ್ತ್ರ ಓದಿದವರ ಕೈಯಲ್ಲೇ ನಮ್ಮೂರ ರೇಡಿಯೋ ಹುಟ್ಟಿತು ಅನ್ನೋದು ನನಗೆ ಬಲು ಇಷ್ಟದ ಸಂಗತಿ.

ಮಗಳು: ವಾಕಿಂಗೂ ಹೋಗಬೇಕು ಅಂತ ಹೇಳ್ತೀರಲ್ಲ ಇನ್ನು? ನನ್ನ ವಾಚು ದಿನಾ ಬೈಯುತ್ತೆ, ಹತ್ತು ಸಾವಿರ ಹೆಜ್ಜೆ ಆಗಿಲ್ಲ ಅಂತ.

ಚಿಕ್ಕಮ್ಮ: ಹೋಗೋದಾದರೆ ವಾಚು ಬಿಚ್ಚಿಟ್ಟು ಹೋಗು. ಹೆಜ್ಜೆಗೂ ಟಾರ್ಗೆಟ್ ಇಟ್ಟುಕೊಂಡರೆ ಅದೂ ಬ್ರಾಂಚೇ ಆಯ್ತು. ಕುಕ್ಕರಹಳ್ಳಿ ಕೆರೆ ನಿಮ್ಮನೆಗೆ ದೂರವಿಲ್ಲ. ಏರಿ ಮೇಲೆ ಅರ್ಧ ಸುತ್ತು ಹೋಗಿ, ಒಂದು ಕಡೆ ನಿಂತು ನೋಡು. ಹೆಜ್ಜಾರ್ಲೆ ನೀರಿಗೆ ಇಳಿಯೋದು, ನೀರುಕಾಗೆ ರೆಕ್ಕೆ ಹರವಿ ಒಣಗಿಸೋದು. ಕುವೆಂಪು ವಾಯುವಿಹಾರಕ್ಕೆ ಬರ್ತಿದ್ದ ಕೆರೆ ಅದು. ಹಸಿರು ನೋಡೋದರಿಂದ ಏನಾಗುತ್ತೆ ಅಂತ ಕೇಳೋರಿಗೆ ಆಸ್ಪತ್ರೆಯದೇ ಒಂದು ಉದಾಹರಣೆ ಇದೆ. ಅಮೆರಿಕದ ಪೆನ್ಸಿಲ್ವೇನಿಯಾದ ಒಂದು ಆಸ್ಪತ್ರೆಯಲ್ಲಿ ಪಿತ್ತಕೋಶದ ಆಪರೇಷನ್ ಆದ 46 ರೋಗಿಗಳ ದಾಖಲೆಗಳನ್ನು ರೋಜರ್ ಉಲ್ರಿಕ್ ಹೋಲಿಸಿ ನೋಡಿ, 1984ರಲ್ಲಿ ಪ್ರಕಟಿಸಿದ. ಅರ್ಧ ಜನಕ್ಕೆ ಕಿಟಕಿಯಿಂದ ಮರಗಳು ಕಾಣ್ತಿದ್ದವು, ಇನ್ನರ್ಧ ಜನಕ್ಕೆ ಇಟ್ಟಿಗೆ ಗೋಡೆ. ಮರ ಕಂಡವರು ಸ್ವಲ್ಪ ಬೇಗ ಮನೆಗೆ ಹೋದರು, ಅವರಿಗೆ ಜೋರಾದ ನೋವಿನ ಔಷಧಿಯೂ ಕಡಿಮೆ ಬೇಕಾಯ್ತು. ಅದನ್ನು ಓದಿದ ಮೇಲೆ ನಾನು ವಾರ್ಡಿನಲ್ಲಿ ಕಿಟಕಿ ಪರದೆ ಸರಿಸೋದನ್ನೂ ಶುಶ್ರೂಷೆ ಅಂತಲೇ ಪಾಠ ಮಾಡ್ತಿದ್ದೆ.

ಮಗಳು: ಸಂಜೆ ಕಾಫಿ ಬಿಡು ಅಂತ ಮಾತ್ರ ಹೇಳಬೇಡಿ. ನಾಲ್ಕೂವರೆಗೆ ಒಂದು, ಆರೂವರೆಗೆ ಡೇ ಎಂಡ್ ಮಾಡೋವಾಗ ಒಂದು. ಅದಿಲ್ಲದಿದ್ದರೆ ಕ್ಯಾಷೇ ಟ್ಯಾಲಿ ಆಗಲ್ಲ.

ಚಿಕ್ಕಮ್ಮ: ಫಿಲ್ಟರ್ ಕಾಫಿ ಬಿಡು ಅಂತ ಮೈಸೂರಲ್ಲಿ ಯಾರು ಹೇಳ್ತಾರೆ! ಲೆಕ್ಕ ಮಾತ್ರ ತಿಳ್ಕೋ. ಕುಡಿದ ಕೆಫೀನಲ್ಲಿ ಅರ್ಧದಷ್ಟು ಮೈಯಿಂದ ಹೋಗೋಕೆ ಸುಮಾರು 5 ಗಂಟೆ ಹಿಡಿಯುತ್ತೆ. ಆರೂವರೆಗೆ ಕುಡಿದದ್ದರಲ್ಲಿ ಅರ್ಧ ರಾತ್ರಿ ಹನ್ನೊಂದೂವರೆಗೂ ಒಳಗೇ ಇರುತ್ತೆ. ದಣಿವನ್ನು ಅದು ಕಳೆಯಲ್ಲ, ಗೊತ್ತಾಗದ ಹಾಗೆ ಮರೆಮಾಡುತ್ತೆ. ನಾಲ್ಕೂವರೆಯದನ್ನು ಮೂರಕ್ಕೆ ತಾ, ಆರೂವರೆಯದನ್ನು ಬಿಡು. ಬೆಳಗಿನದನ್ನು ಫೋನಿಲ್ಲದೆ, ಕೂತು ಕುಡಿ.

ಮಗಳು: ರಾತ್ರಿ ಫೈಲುಗಳು ಸಾಲುಗಟ್ಟುತ್ತಲ್ಲ, ಅದಕ್ಕೇನು ಮಾಡೋದು?

ಚಿಕ್ಕಮ್ಮ: ಬರೆದಿಡು. ಹಳೇ ಚಲನ್ನಿನ ಬೆನ್ನ ಮೇಲಾದರೂ ಸರಿ, ಪೆನ್ನಲ್ಲಿ. ಅಮೆರಿಕದ ಬೇಲರ್ ವಿಶ್ವವಿದ್ಯಾಲಯದವರು 57 ಯುವಕ ಯುವತಿಯರನ್ನು ಪ್ರಯೋಗಾಲಯದಲ್ಲೇ ಮಲಗಿಸಿ ನೋಡಿ, 2018ರಲ್ಲಿ ಫಲಿತಾಂಶ ಪ್ರಕಟಿಸಿದರು. ಮಲಗೋ ಮುಂಚೆ 5 ನಿಮಿಷ, ಅರ್ಧ ಜನ ಮುಗಿಸಿದ ಕೆಲಸ ಬರೆದರು, ಇನ್ನರ್ಧ ಜನ ಮುಂದೆ ಮಾಡಬೇಕಾದ ಕೆಲಸ ಬರೆದರು. ಮಾಡಬೇಕಾದದ್ದನ್ನು ಬರೆದವರಿಗೆ ಸುಮಾರು 9 ನಿಮಿಷ ಬೇಗ ನಿದ್ದೆ ಬಂತು. ‘ಸಾಲದ ಫೈಲು’ ಅಂತ ಬರೆದರೆ ಸಾಲದು. ‘ಹತ್ತೂವರೆಗೆ ಮ್ಯಾನೇಜರ್ ಸಹಿ ಹಾಕಿಸೋದು’ ಅಂತ ಬಿಡಿಸಿ ಬರಿ. ಕಾಗದಕ್ಕೆ ಬಂದದ್ದನ್ನು ತಲೆ ಕಾಯಬೇಕಾಗಿಲ್ಲ.

ಮಗಳು: ಆಮೇಲೆ ಬಿಸಿನೀರಿನ ಸ್ನಾನ. ಅದು ನನಗೂ ಗೊತ್ತು.

ಚಿಕ್ಕಮ್ಮ: ಯಾವಾಗ ಅನ್ನೋದು ಗೊತ್ತಾ? ಮಲಗೋದಕ್ಕೆ ಒಂದೆರಡು ಗಂಟೆ ಮುಂಚೆ. ಬಿಸಿನೀರು ಬಿದ್ದಾಗ ಕೈಕಾಲಿನ ಚರ್ಮಕ್ಕೆ ರಕ್ತ ಹರಿದು ಬರುತ್ತೆ, ಆಮೇಲೆ ಅಲ್ಲಿಂದ ಒಳಗಿನ ಶಾಖ ಹೊರಗೆ ಹೋಗುತ್ತೆ. ಹಾಗೆ ಮೈಯೊಳಗಿನ ಶಾಖ ಇಳಿಯೋದೇ ನಿದ್ದೆಗೆ ಸೂಚನೆ. ಹಬ್ಬಕ್ಕೆ ಎಣ್ಣೆ ಹಚ್ಚಿಕೊಂಡು ಹಂಡೆ ನೀರು ಹುಯ್ದುಕೊಂಡ ಮಧ್ಯಾಹ್ನ ಕಣ್ಣು ಎಳೆದುಕೊಂಡು ಹೋಗ್ತಿತ್ತಲ್ಲ, ನೆನಪಿದೆಯಾ?

ಮಗಳು: ನೆನಪಿದೆ. ಅಮ್ಮ ನಮಗೆಲ್ಲ ಎಣ್ಣೆ ತಿಕ್ಕಿ, ನೀರು ಹುಯ್ದು, ಸೀಗೇಪುಡಿ ಹಾಕಿ ಉಜ್ಜಿ, ಕೊನೆಗೆ ತಾನು ಆರಿದ ನೀರಲ್ಲಿ ಸ್ನಾನ ಮಾಡ್ತಿದ್ದಳು. ಮಲಗಿದ್ದು ಮಾತ್ರ ಕಾಣೆ, ಹಬ್ಬದಡುಗೆ ಇರ್ತಿತ್ತು. ಒಂದು ಮಾತು ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಉಸಿರು ಬಿಡು, ಭುಜ ಬಿಡು, ಗುನುಗು, ಬರೆದಿಡು ಅಂತ ಎಲ್ಲ ನನಗೇ ಹೇಳಿದಿರಿ. ಟಾರ್ಗೆಟ್ ಕೊಡೋರು ಹಾಗೇ ಇರ್ತಾರೆ, ಮನೇಲಿ ಕೆಲಸವೂ ಹಾಗೇ ಇರುತ್ತೆ. ಇದೂ ನನ್ನ ತಲೆಗೇ ಬಂತಲ್ಲ?

ಚಿಕ್ಕಮ್ಮ: ಬೇಜಾರು ಯಾಕೆ, ಸರಿಯಾಗೇ ಕೇಳಿದೆ. ಉಸಿರಾಟದಿಂದ ಟಾರ್ಗೆಟ್ ಇಳಿಯಲ್ಲ. ಇಬ್ಬರ ಕೆಲಸ ಒಬ್ಬರ ಮೇಲೆ ಹೊರಿಸಿ, ಆಮೇಲೆ ಧ್ಯಾನದ ಶಿಬಿರ ಇಟ್ಟರೆ ಅದು ಮೋಸ. 2019ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯೇ ಕೆಲಸದಿಂದ ಬಸವಳಿಯೋದನ್ನು ಕೆಲಸಕ್ಕೆ ಸಂಬಂಧಪಟ್ಟ ಸಮಸ್ಯೆ ಅಂತ ತನ್ನ ಪಟ್ಟಿಯಲ್ಲಿ ಬರೆದುಕೊಂಡಿತು. ಯೂನಿಯನ್ ಇದೆ, ಮ್ಯಾನೇಜರ್ ಇದ್ದಾರೆ, ಬಾಯಿಬಿಟ್ಟು ಹೇಳಬೇಕು. ಭುಜ ಇಳಿದಿರೋರು ಹೇಳೋ ಮಾತಿಗೂ, ಬಿಗಿದುಕೊಂಡು ಅಳೋ ಹಾಗಾಗಿರೋರು ಹೇಳೋ ಮಾತಿಗೂ ತೂಕದಲ್ಲಿ ವ್ಯತ್ಯಾಸ ಇದೆ. ಅದಕ್ಕಾದರೂ ಮೊದಲು ಮೈ ಇಳಿಸಿಕೋ.

ಮಗಳು: ಮತ್ತೆ ಮನೆ?

ಚಿಕ್ಕಮ್ಮ: ಮನೆ ವಿಷಯಕ್ಕೆ ಯಾವ ಸಂಶೋಧನೆಯೂ ಬೇಡ. ರಾತ್ರಿ ಊಟದ ಪಾತ್ರೆ ನಿನ್ನ ಗಂಡ ತೊಳೀಲಿ. ಮಗ ದೊಡ್ಡವನಾಗಿದ್ದಾನೆ, ತನ್ನ ಯೂನಿಫಾರಂ ತಾನೇ ಇಸ್ತ್ರಿ ಮಾಡಿಕೊಳ್ಳಲಿ. ‘ಹೆಲ್ಪ್ ಮಾಡ್ಲಾ’ ಅಂತ ಕೇಳೋದು ಬೇಡ. ಆ ಕೆಲಸ ಪೂರ್ತಿ ಅವರದ್ದಾಗಬೇಕು. ಸೋಪು ತರೋದನ್ನೂ ನೀನು ನೆನಪಿಡಬೇಕಾದರೆ ಅದು ನಿನ್ನ ತಲೆಯಿಂದ ಇಳಿದ ಹಾಗೇ ಅಲ್ಲ.

ಮಗಳು: ಇದನ್ನು ನೀವೇ ಬಂದು ಹೇಳಿ.

ಚಿಕ್ಕಮ್ಮ: ಹೇಳ್ತೀನಿ, ಸಂಜೆ ಕಾಫಿಗೆ ಬರ್ತಾನಲ್ಲ. ಇನ್ನೊಂದು ವಿಷಯ ಇದೆ, ನಗದೆ ಕೇಳು. ಇದುವರೆಗೆ ಹೇಳಿದ್ದೆಲ್ಲ ದಿನನಿತ್ಯದ ಒತ್ತಡಕ್ಕೆ. ಎರಡು ವಾರವಾದರೂ ನಿದ್ದೆ ಕೂಡಿಬರದಿದ್ದರೆ, ಊಟ ಸೇರದಿದ್ದರೆ, ಯಾವುದರಲ್ಲೂ ರುಚಿ ಇಲ್ಲದಿದ್ದರೆ, ಬದುಕೇ ಬೇಡ ಅನ್ನೋ ಯೋಚನೆ ಒಂದೇ ಸಲ ಬಂದರೂ, ಉಸಿರಾಟ ಮಾಡ್ತಾ ಕೂರಬಾರದು. ಡಾಕ್ಟರ ಹತ್ತಿರ ಹೋಗಬೇಕು. ಸರ್ಕಾರದ ಟೆಲಿ ಮಾನಸ್ ಇದೆ, 14416ಕ್ಕೆ ಫೋನ್ ಮಾಡಿದರೆ ಹಗಲು ರಾತ್ರಿ ಯಾವಾಗಲಾದರೂ ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಾಗಿಲ್ಲ. 2022ರ ಅಕ್ಟೋಬರ್ 10ರಂದು ಶುರುವಾಯ್ತು, ನಮ್ಮ ಬೆಂಗಳೂರಿನ ನಿಮ್ಹಾನ್ಸ್ ಅದಕ್ಕೆ ಮುಖ್ಯ ಕೇಂದ್ರ. ಎದೆನೋವು ಬಂದರೆ ಮಾತ್ರ ‘ಟೆನ್ಷನ್ನಿಗೆ ಇರಬೇಕು’ ಅಂತ ನೀನೇ ತೀರ್ಮಾನ ಮಾಡಬೇಡ. ಮೊದಲು ಇಸಿಜಿ, ಆಮೇಲೆ ಮಾತು.

ಮಗಳು: ಆ ನಂಬರ್ ಸೇವ್ ಮಾಡ್ಕೋತೀನಿ. ಉಳಿದದ್ದನ್ನೆಲ್ಲ ಪಟ್ಟಿ ಮಾಡಿ ಫ್ರಿಜ್ ಮೇಲೆ ಅಂಟಿಸಿ, ನಾಳೆಯಿಂದ...

ಚಿಕ್ಕಮ್ಮ: ಅಲ್ಲೇ ನಿಲ್ಲಿಸು. ಎಲ್ಲವನ್ನೂ ಮಾಡ್ತೀನಿ ಅಂತ ಹೊರಟರೆ ಫ್ರಿಜ್ ಮೇಲೂ ಒಂದು ಟಾರ್ಗೆಟ್ ಆಯ್ತು. ಒಂದನ್ನು ಆರಿಸ್ಕೋ. ಆರಿಸೋಕೂ ಬೇಸರವಾದರೆ ನಾನೇ ಹೇಳ್ತೀನಿ: ಇವತ್ತು ರಾತ್ರಿ ಫೋನನ್ನು ಹಜಾರದಲ್ಲಿ ಚಾರ್ಜಿಗೆ ಹಾಕಿ, ಮಲಗೋ ಕೋಣೆಗೆ ಬರಿಗೈಲಿ ಹೋಗು. ಎಬ್ಬಿಸೋಕೆ ಅಲಾರಂ ಗಡಿಯಾರ ಇಡು, ಅಂಗಡಿಯಲ್ಲಿ ಇನ್ನೂ ಸಿಗುತ್ತೆ. ಒಂದು ವಾರ ಇಷ್ಟೇ ಮಾಡು. ಎರಡನೆಯದರ ಮಾತು ಮುಂದಿನ ಭಾನುವಾರಕ್ಕಿರಲಿ.